ಶೆಟ್ರ ಸೆಕೆಂಡ್ ಒಪೀನಿಯನ್

ಶೆಟ್ರ ಪಾಕೀಟಿನಲ್ಲಿ ಕಟೀಲು ಅಮ್ಮನ ಫೋಟೋದ ಹಿಂದೆ ಒಂದು ರಟ್ಟಿನ ತುಂಡು ಭದ್ರವಾಗಿದೆ. ದಾದರ್ ಸ್ಟೇಷನ್ನಿನಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಮೆಷಿನ್ನಿಗೆ ಒಂದು ರೂಪಾಯಿ ಹಾಕಿದಾಗ ಬಿದ್ದ ಟಿಕೀಟು. ಒಂದು ಬದಿಗೆ 74 ಕಿಲೋ, ಇನ್ನೊಂದು ಬದಿಗೆ ಭವಿಷ್ಯ: ಕೆಲಸದಲ್ಲಿ ಜಯ, ಸ್ನೇಹಿತರಿಂದ ಎಚ್ಚರಿಕೆ. ಮದುವೆಯಾದ ವರ್ಷದ್ದು. ತೂಕದ ವಿಷಯದಲ್ಲಿ ಶೆಟ್ರು ಪೂರ್ತಿ ನಂಬುವುದು ಆ ಮೆಷಿನ್ನೊಂದನ್ನೇ. ಆಮೇಲೆ ಹತ್ತಿದ ಮೆಷಿನ್ನುಗಳೆಲ್ಲ ಆಸ್ಪತ್ರೆಯವರ ಕಡೆಯವು.

ಆ ಕಡೆಯವು ಈಗ ತೋರಿಸುವುದು 118. ಎತ್ತರ 165 ಸೆಂಟಿಮೀಟರ್. ಹತ್ತು ವರ್ಷದಿಂದ ಸಕ್ಕರೆಯ ಗುಳಿಗೆ. ಮಧ್ಯಾಹ್ನ ಮೂರಕ್ಕೆ ತಮ್ಮ ಹೋಟೆಲಿನ ಗಲ್ಲಾದಲ್ಲೇ ಕಣ್ಣು ಹತ್ತುತ್ತದೆ. ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಧಡಕ್ಕನೆ ಹೊರಡುತ್ತದೆ. ಆ ಹೊತ್ತಿನಲ್ಲಿ ಕೆಲವು ಗಿರಾಕಿಗಳು ಸದ್ದಿಲ್ಲದೆ ದುಡ್ಡಿಟ್ಟು ಹೋಗುತ್ತಾರೆ; ಕೆಲವರು ಸದ್ದಿಲ್ಲದೆ ಬರೇ ಹೋಗುತ್ತಾರೆ. ಅಂತೂ ಮಗಳು ಹಟ ಹಿಡಿದು ತೋರಿಸಿದಾಗ ಡಾಕ್ಟರು ತೂಕ ಇಳಿಸುವ ಆಪರೇಷನ್ನಿನ ಮಾತೆತ್ತಿದರು. ಅಂದಿನಿಂದ ಶೆಟ್ರಿಗೆ ಬಿಡುವಿಲ್ಲ.

ಸಲಹೆ ಕೇಳಲು ಜಾಗವಾದರೂ ಎಂಥದು! ಹೋಟೆಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ 1926ರ ಕೆಇಎಂ, 1941ರ ಟಾಟಾ, ಮಕ್ಕಳಿಗೊಂದು ಹೆರಿಗೆಗೊಂದು ವಾಡಿಯಾ, ಪಶುಗಳಿಗೂ ಬೇರೆ ಆಸ್ಪತ್ರೆ. ಇಡ್ಲಿ ತಿನ್ನಲು ಬರುವವರಲ್ಲಿ ಅರ್ಧ ಜನ ಪೇಷೆಂಟಿನ ಕಡೆಯವರು, ಉಳಿದವರು ವಾರ್ಡ್‌ಬಾಯ್, ಮೆಡಿಕಲ್ ಸ್ಟೋರಿನವರು, ಟ್ಯಾಕ್ಸಿಯವರು. ಶೆಟ್ರು ಎಲ್ಲರನ್ನೂ ಕೇಳಿದರು. ಮೆಡಿಕಲ್ ಸ್ಟೋರಿನವ ವಾರಕ್ಕೊಂದು ಚುಚ್ಚುವ ಹೊಸ ಇಂಜೆಕ್ಷನ್ ಉಂಟು ಎಂದ. 2025ರಲ್ಲಿ ಮೌಂಜಾರೋ ಬಂದಂದಿನಿಂದ ಅವನ ಮಾತಿಗೆ ಒಂದು ತೂಕ ಬಂದಿದೆ. ಟ್ಯಾಕ್ಸಿಯವ ಬೆಳಿಗ್ಗೆ ಜೀರಿಗೆ ನೀರು ಎಂದ. ಪಶು ಆಸ್ಪತ್ರೆಯ ಕಂಪೌಂಡರು, "ನಮ್ಮ ಪೇಷೆಂಟುಗಳು ಸೆಕೆಂಡ್ ಒಪೀನಿಯನ್ ಕೇಳೋದಿಲ್ಲ ಶೆಟ್ರೆ, ಅದಕ್ಕೇ ಬೇಗ ಗುಣ ಆಗ್ತವೆ" ಎಂದು ಚಾ ಮುಗಿಸಿದ.

ಪಾಲಿಕೆಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ರಿಟೈರಾದ ನನ್ನ ಸರದಿಯೂ ಬಂತು. ಊರಿಂದ ಬಂದು ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಓದಿದವರು ಶೆಟ್ರು. ಮಾಸ್ತರರಿಗೆ ಎಲ್ಲ ಗೊತ್ತಿರುತ್ತದೆ ಎಂಬ ಭ್ರಮೆ ಅವರಿಗೆ ಇನ್ನೂ ಬಿಟ್ಟಿಲ್ಲ.

"ಮಾಸ್ಟ್ರೆ, ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೀತಾರಂತೆ. ಉಳಿಯೋದು ಒಂದು ಕಟಿಂಗ್ ಗ್ಲಾಸಿನಷ್ಟು. ತೆಗೆದದ್ದನ್ನು ವಾಪಸು ಇಡ್ಲಿಕ್ಕೆ ಬರೋದಿಲ್ಲ. ಮತ್ತೆ ಬದುಕಿರುವ ತನಕ ವಿಟಮಿನ್ ಗುಳಿಗೆ. ಇದು ಗೋಡೌನ್ ಒಡೆದು ಪಾನಿನ ಡಬ್ಬಿ ಇಟ್ಟ ಹಾಗಾಯ್ತಲ್ಲ?"

ಅಲ್ಲವೆನ್ನಲು ನನಗೂ ಬಾಯಿ ಬರಲಿಲ್ಲ. ವಿವರಣೆ ಸರಿಯಾಗಿಯೇ ಇತ್ತು.

ಶೆಟ್ರ ಬಳಿ ಸಾಕ್ಷಿಗಳಿಬ್ಬರಿದ್ದಾರೆ. ಹೊಟ್ಟೆ ತುಂಬಿದಾಗ ನಿತಿನ್ ಗಡ್ಕರಿ: 2011ರಲ್ಲಿ ಇದೇ ಮುಂಬಯಿಯಲ್ಲಿ ಮಾಡಿಸಿಕೊಂಡು ಇಂದಿಗೂ ದೇಶವೆಲ್ಲ ಓಡಾಡುತ್ತಿದ್ದಾರೆ. ಹಸಿವಾದಾಗ ಇಮಾನ್ ಅಹ್ಮದ್. 2017ರಲ್ಲಿ ಈಜಿಪ್ಟಿನಿಂದ ವಿಮಾನದಲ್ಲಿ ತಂದು ಕ್ರೇನಿನಲ್ಲಿ ಸೈಫೀ ಆಸ್ಪತ್ರೆಗೆ ಏರಿಸಿದ ಹೆಂಗಸು, ಸುಮಾರು 500 ಕಿಲೋ. ಮಾರ್ಚಿನಲ್ಲಿ ಆಪರೇಷನ್, ಎಷ್ಟು ಇಳಿದಳು ಎಂಬ ಬಗ್ಗೆ ಆಸ್ಪತ್ರೆಗೂ ಆಕೆಯ ತಂಗಿಗೂ ಪೇಪರಿನಲ್ಲೇ ಜಗಳ, ಮೇ ತಿಂಗಳಲ್ಲಿ ಅಬುಧಾಬಿಗೆ ಒಯ್ದರು, ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಆಕೆಗೆ ಮೊದಲೇ ಲಕ್ವಾ ಹೊಡೆದಿತ್ತು, ವರ್ಷಗಟ್ಟಲೆ ಹಾಸಿಗೆ ಬಿಟ್ಟೆದ್ದಿರಲಿಲ್ಲ, ಕೊನೆಗೆ ಹೃದಯ, ಕಿಡ್ನಿ ಕೈಕೊಟ್ಟವು, ನಿಮ್ಮದಕ್ಕೂ ಅದಕ್ಕೂ ಹೋಲಿಕೆ ಇಲ್ಲ ಎಂದೆ. "ತೂಕದ ಮೆಷಿನ್ನಿನ ಮೇಲೆ ಜಗಳ ಆದದ್ದು ಹೌದಲ್ಲ?" ಎಂದರು.

ಸ್ವೀಡನ್ನಿನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಇಟ್ಟು, ಇಂಥ ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ಪ್ರಕಟಿಸಿದ್ದನ್ನೂ ಹೇಳಿದೆ. "ಅವರು ತುಪ್ಪದ ದೋಸೆ ತಿಂದವರಾ?"

ನಗಬೇಡಿ. ಶೆಟ್ರ ಅನುಮಾನಕ್ಕೂ ಕಾರಣವಿತ್ತು. ಮೊದಲು ಹೋದ ಖಾಸಗಿ ಜಾಗದಲ್ಲಿ ಡಾಕ್ಟರಿಗಿಂತ ಮೊದಲು ಎದುರಾದವಳು ಪ್ಯಾಕೇಜಿನ ಹುಡುಗಿ. ತಿಂಗಳು ಮುಗಿಯುವುದರೊಳಗೆ ಬುಕ್ ಮಾಡಿದರೆ ರಿಯಾಯಿತಿ, ಉಳಿದದ್ದು ಕಂತಿನಲ್ಲಿ. ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರಿಗೆ ಆ ಭಾಷೆ ತಿಳಿಯದೆ ಇರುತ್ತದೆಯೆ? ಅಲ್ಲೇ ಕೇಳಿದರಂತೆ, ಬಿಎಮ್‌ಐ ಎಷ್ಟಾದರೆ ಕೊಯ್ಯುವುದು ಎಂದು. ಇವರದು 43. ನಮ್ಮವರಿಗೆ ಬಹುಕಾಲ 37.5 ಎಂಬ ಗೆರೆಯಿತ್ತು, ಸಕ್ಕರೆ ಕಾಯಿಲೆಯಂಥದ್ದಿದ್ದರೆ 32.5, 2022ರಲ್ಲಿ ಅಂತಾರಾಷ್ಟ್ರೀಯ ಸಂಘಗಳು ಗೆರೆಯನ್ನು ಇನ್ನೂ ಕೆಳಗೆ ತಂದವು. "ಗಿರಾಕಿ ಕಡಿಮೆ ಆದ್ರೆ ನಾವೂ ರೇಟು ಇಳಿಸ್ತೇವೆ" ಎಂದು ಎದ್ದು ಬಂದರು. ಹಳೆಯ ಗೆರೆಯನ್ನೂ ತಾವು ಎಂದೋ ದಾಟಿ ಆಗಿದೆ ಎಂಬುದನ್ನು ಮಾತ್ರ ಜಾಣತನದಿಂದ ಮರೆತರು.

ಎರಡನೆಯ ಡಾಕ್ಟರು ಸರಕಾರಿ ಕಡೆಯವರು. ಆಪರೇಷನ್ ಮಾಡ್ತೇನೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಎನ್ನಲಿಲ್ಲ. ರಕ್ತ ಪರೀಕ್ಷೆ, ನಿದ್ದೆಯ ಪರೀಕ್ಷೆ, ಮನೋವೈದ್ಯರ ಭೇಟಿ ಬರೆದುಕೊಟ್ಟರು. ಹೊಲಿಗೆ ಸೋರಬಹುದು, ಎದೆಯುರಿ ಹೆಚ್ಚಬಹುದು, ಬಾಯಿ ಕಟ್ಟದಿದ್ದರೆ ತೂಕ ಮತ್ತೆ ಬರಬಹುದು ಎಂದೂ ಮೊದಲೇ ಹೇಳಿದರು. ಎರಡು ವಾರ ತಿಂದದ್ದನ್ನೆಲ್ಲ ಬರೆದು ತನ್ನಿ ಎಂದರು. ಶೆಟ್ರಿಗೆ ನಿರಾಶೆ. "ಎಂಥ ಡಾಕ್ಟರು ಮಾರಾಯ್ರೆ, ಅವರಿಗೇ ಧೈರ್ಯ ಇಲ್ಲ!" ನನಗೆ ನಂಬಿಕೆ ಹುಟ್ಟಿದ್ದು ಆ ಡಾಕ್ಟರ ಮೇಲೆಯೇ. ಶೆಟ್ರು ಇಷ್ಟು ದಿನ ಹುಡುಕುತ್ತಿದ್ದುದು ಸಲಹೆಯನ್ನಲ್ಲ, ಬೇಡ ಎನ್ನುವ ಒಬ್ಬ ಮನುಷ್ಯನನ್ನು.

ಬರೆಯಲು ಬೇರೆ ನೋಟುಬುಕ್ ಯಾಕೆಂದು ಹೋಟೆಲಿನ ಹಳೆಯ ಬಿಲ್‌ಬುಕ್ಕನ್ನೇ ಹಿಡಿದರು. ನಿನ್ನೆ ಕಾಗುಣಿತ ನೋಡಿಕೊಡಿ ಎಂದು ನನ್ನ ಮುಂದಿಟ್ಟರು. ಕಾರ್ಬನ್ ಹಾಳೆ ಸಮೇತ, ಅಂಕುಡೊಂಕು ಅಕ್ಷರ. ಬೆಳಿಗ್ಗೆ 2 ಇಡ್ಲಿ. ಅದರ ಕೆಳಗೆ, ಸಾಂಬಾರು ರುಚಿ ನೋಡಿದ್ದು. ಶೀರಾ ರುಚಿ ನೋಡಿದ್ದು. ಅಡುಗೆಯ ಭಂಡಾರಿ ಹೊಸ ಎಣ್ಣೆ ಹಾಕಿದ, ವಡೆ ರುಚಿ ನೋಡಿದ್ದು, 3. ಅಭ್ಯಾಸಬಲದಿಂದ ಪ್ರತಿ ಸಾಲಿನ ಮುಂದೆ ರೇಟನ್ನೂ ಹಾಕಿದ್ದರು. ಶೆಟ್ರು ಕನ್ನಡಕ ಏರಿಸಿ ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು. ಎರಡು ವಾರಕ್ಕೆ ಊಟ ತಿಂಡಿ 2,410 ರೂಪಾಯಿ. ರುಚಿ ನೋಡಿದ್ದು 3,875.

ಸೋಮವಾರ ಒಪಿಡಿ. ಕೇಸ್‌ಪೇಪರಿನ ಸಾಲಿಗೆ ಬೆಳಿಗ್ಗೆ ಏಳಕ್ಕೇ ನಿಲ್ಲಬೇಕು. ನನ್ನನ್ನೂ ಬರಲು ಹೇಳಿದ್ದಾರೆ.