ಆಸ್ಪತ್ರೆ ಎದುರಿನ ಲಾಡ್ಜಿನ ಮಾಲೀಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಇಪ್ಪತ್ತೊಂದು ದಿನ ನಿಮ್ಮ 104ನೇ ನಂಬರಿನ ಕೋಣೆಯಲ್ಲಿದ್ದೆವು. ಒಮ್ಮೆಯೂ ನಿಮ್ಮ ದರ್ಶನವಾಗಲಿಲ್ಲ. ಕೌಂಟರಿನ ಮೇಲೆ ಹಾರ ಹಾಕಿದ ಫೋಟೊ ನಿಮ್ಮ ತಂದೆಯವರದು ಎಂದು ಮ್ಯಾನೇಜರು ಹೇಳಿದರು. ದೊಡ್ಡ ಸರ್ಜನ್ನರೂ ಹಾಗೆಯೇ ಬಿಡಿ. ಕೆಲಸ ದೊಡ್ಡದಾದಷ್ಟೂ ಕಣ್ಣಿಗೆ ಬೀಳುವುದು ಕಡಿಮೆ.

ನಮ್ಮ ಅಪ್ಪಯ್ಯನ ಬೈಪಾಸ್ ಚೆನ್ನಾಗಿ ಆಯಿತು. ಸರ್ಜನ್ನರಿಗೆ ಕೈಮುಗಿದು ಒಂದು ಡಬ್ಬಿ ಜೋನಿಬೆಲ್ಲ ಕೊಟ್ಟು ಬಂದಿದ್ದೇವೆ. ನಿಮಗೆ ಮಾತ್ರ ಏನೂ ಸಲ್ಲಲಿಲ್ಲವಲ್ಲ ಎಂದು ಊರಿಗೆ ಬಂದ ಮೇಲೆ ಮನಸ್ಸಿಗೆ ಚುಚ್ಚಿತು. ಲೆಕ್ಕ ಹಾಕಿ ನೋಡಿ: ಆಪರೇಶನ್ ನಡೆದದ್ದು ನಾಲ್ಕೂವರೆ ತಾಸು. ಉಳಿದ ಇಪ್ಪತ್ತು ದಿನ ಹತ್ತೊಂಬತ್ತೂವರೆ ತಾಸನ್ನು ನಡೆಸಿಕೊಟ್ಟವರು ನೀವು. ಆದ್ದರಿಂದ ಈ ಪತ್ರ.

ನಾವು ಶಿರಸಿ ಕಡೆಯವರು. ಎದೆನೋವು ಬಂದರೆ ನಮ್ಮ ಜಿಲ್ಲೆಯವರು ಮೊದಲು ನೋಡುವುದು ಇಸಿಜಿಯನ್ನಲ್ಲ, ದಿಕ್ಕನ್ನು. ಕಾರವಾರದವರಿಗೆ ಗೋವಾ, ಕುಮಟಾ-ಹೊನ್ನಾವರ-ಭಟ್ಕಳದವರಿಗೆ ಮಣಿಪಾಲ ಅಥವಾ ಮಂಗಳೂರು, ಯಲ್ಲಾಪುರ-ಹಳಿಯಾಳದವರಿಗೆ ಹುಬ್ಬಳ್ಳಿ, ಎಲ್ಲೂ ಬಗೆಹರಿಯದವರಿಗೆ ಬೆಂಗಳೂರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ಓಡುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್ ಗೇಟಿನಲ್ಲಿ ಮಗುಚಿ, ರೋಗಿಯ ಜೊತೆಗೆ ಅವರನ್ನು ಕಾಪಾಡಲು ಹೊರಟವರೂ ಸತ್ತರು. ಆಗ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೂಗು ಎದ್ದಿತು. ಕೂಗಿನಿಂದ ನಿಮ್ಮ ವ್ಯಾಪಾರಕ್ಕೆ ಧಕ್ಕೆಯಾಗಲಿಲ್ಲವೆಂದು ಭಾವಿಸುತ್ತೇನೆ. ನಮ್ಮಂಥವರು ರಾಜ್ಯದ ತುಂಬ ಇದ್ದಾರೆ. ರಾಯಚೂರಿನವರು ಹೈದರಾಬಾದಿಗೆ ಹೋಗುತ್ತಾರೆ. ಬೆಳಗಾವಿ, ವಿಜಯಪುರದವರು ಅಜ್ಜನ ಕಾಲದಿಂದಲೂ ಮೀರಜ್ ರೈಲು ಹತ್ತಿದವರು. ಬೆಂಗಳೂರಿಗೇ ಬರುವವರೂ ಕಡಿಮೆಯಲ್ಲ: ಬೊಮ್ಮಸಂದ್ರದ ಕಡೆ ಲಾಡ್ಜು, ಹೋಟೆಲುಗಳ ಬೋರ್ಡು ಬಂಗಾಳಿಯಲ್ಲೂ ಇರುತ್ತದೆ. ಕಾಶಿಗೆ ಹೋಗುವ ಆಸೆ ಈಗ ಎಷ್ಟು ಜನಕ್ಕಿದೆಯೋ ಕಾಣೆ. ಆಂಜಿಯೋಗ್ರಾಮಿನ ಸಿಡಿ ಹಿಡಿದುಕೊಂಡು ಹೊರಡುವ ಯಾತ್ರೆಗಂತೂ ಜನ ಕಡಿಮೆಯಾಗಿಲ್ಲ.

ಹೊರಡುವ ಮೊದಲು ಮನೆಯಲ್ಲಿ ನಡೆದ ಸಮಾಲೋಚನೆಯ ವರದಿ ಹೀಗಿದೆ. ಆಯಿಯ ಸಲಹೆ: "ಕೆಂಪು ಬಸ್ಸಿಗೆ ಹೋದ್ರೆ ಯಂಗೆ ದುಡ್ಡಿಲ್ಲೆ." 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ, ಆದರೆ ಮಲಗಿ ಹೋಗುವ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಎದೆಯ ಮೂರು ರಕ್ತನಾಳ ಕಟ್ಟಿದ ಮನುಷ್ಯನನ್ನು ಹಾವೇರಿಯಲ್ಲಿ ಬಸ್ಸು ಬದಲಿಸಿ, ಕೂರಿಸಿಕೊಂಡೇ ಬೆಂಗಳೂರಿಗೆ ಒಯ್ದರೆ ಆಯಿಯ ಟಿಕೆಟ್ಟು ಉಳಿಯುತ್ತಿತ್ತು.

ರೈಲು ಒಳ್ಳೆಯದೆಂದು ಅಣ್ಣ ಹೇಳಿದ. ತಾಳಗುಪ್ಪದಿಂದ ರಾತ್ರಿ ರೈಲಿದೆ. ಹೃದಯದ ಆಪರೇಶನ್ನಿಗೆ ಹೋಗುವ ರೋಗಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಶೇ. 75 ರಿಯಾಯಿತಿಯನ್ನು ರೈಲ್ವೆ ಕೊಡುತ್ತದೆ. ಕ್ಯಾನ್ಸರಿನವರಿಗೆ ಈ ಎರಡು ದರ್ಜೆಗಳಲ್ಲಿ ಪೂರ್ತಿ ಮಾಫಿ. ಕೋವಿಡ್ ಕಾಲದಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಹೋದರೂ ರೋಗಿಗಳದ್ದು ಉಳಿಯಿತು. ಬೇಕಾದದ್ದು ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಕೊಡುವ ಒಂದು ಪ್ರಮಾಣಪತ್ರ, ಅಷ್ಟೇ. ಆ ಪತ್ರ ಕೊಡುವ ಆಸ್ಪತ್ರೆ ಬೆಂಗಳೂರಿನಲ್ಲಿದೆ. ಬೆಂಗಳೂರಿಗೆ ಅಗ್ಗವಾಗಿ ಹೋಗಲು ಮೊದಲು ಬೆಂಗಳೂರಿಗೆ ಹೋಗಿ ಬರಬೇಕು. ಆಂಜಿಯೋಗ್ರಾಮಿಗೆ ಹೋದಾಗಲೇ ಕೇಳಿ ತರಬಹುದಿತ್ತು. ಅಂಥದ್ದೊಂದು ಪತ್ರ ಇದೆ ಎಂದು ಆಗ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೊನೆಗೆ ಸ್ಲೀಪರ್ ಬಸ್ಸಿನ ಕೆಳಗಿನ ಬರ್ತಿನಲ್ಲಿ ಅಪ್ಪಯ್ಯ, ಮೇಲಿನದರಲ್ಲಿ ದುಡ್ಡು ಕೊಟ್ಟ ಆಯಿ, ಅವಳ ಪಕ್ಕದಲ್ಲಿ ಫೈಲು ಎದೆಗವಚಿಕೊಂಡ ನಾನು, ಹೀಗೆ ಶನಿವಾರ ಬೆಳಗಿನ ಆರಕ್ಕೆ ನಿಮ್ಮ ಕೌಂಟರಿನ ಮುಂದೆ ನಿಂತೆವು.

ನಿಮ್ಮ ಮ್ಯಾನೇಜರು ತಲೆ ಎತ್ತಿ ಅಪ್ಪಯ್ಯ ಮೂರು ಮೆಟ್ಟಿಲು ಹತ್ತಿದ್ದನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕೆಳಗಿನ ಮಹಡಿಯ ಕೀಲಿ ತೆಗೆದಿಟ್ಟರು.

"ಯಾವ ಆಪರೇಶನ್ ಸರ್?"

"ಬೈಪಾಸ್."

"ಇಪ್ಪತ್ತು ದಿನ ಹಿಡೀರಿ."

"ಆಸ್ಪತ್ರೆಯವರು ಎಂಟು ದಿನ ಅಂದಿದ್ದಾರೆ."

"ಅವರದು ಅವರ ಮಂಚದ ಲೆಕ್ಕ ಸರ್. ನಾನು ಹೇಳ್ತಿರೋದು ನಮ್ಮ ಮಂಚದ ಲೆಕ್ಕ."

ಇಷ್ಟು ಖಚಿತವಾದ ರೋಗನಿರ್ಣಯವನ್ನು ನಾನು ಇತ್ತೀಚೆಗೆ ಕೇಳಿಲ್ಲ. ಅವರ ಬಳಿ ಪಟ್ಟಿಯೇ ಇತ್ತು: ಒಂದು ಮೊಣಕಾಲಿಗೆ ಇಷ್ಟು ದಿನ, ಎರಡಕ್ಕೆ ಇಷ್ಟು, ರೇಡಿಯೇಶನ್ ಆದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ, ಅದಕ್ಕೆ ತಿಂಗಳ ಬಾಡಿಗೆ ಬೇರೆಯೇ ಮಾತು. ಕಮೋಡ್ ಇರುವ ಕೋಣೆ ಬೇಕೇ ಬೇಕು, ಎದೆ ಕೊಯ್ದವರು ಕೂತು ಏಳುವಾಗ ಕೈಯೂರುವಂತಿಲ್ಲ ಎಂದು ಹೇಳಿಕೊಟ್ಟವರೂ ಅವರೇ. ಆ ಜ್ಞಾನಕ್ಕೆ ದಿನಕ್ಕೆ ನೂರು ರೂಪಾಯಿ ಜಾಸ್ತಿ ಹಿಡಿದು ಒಂಬೈನೂರು ಹೇಳಿದರು. ಕನ್ಸಲ್ಟೇಶನ್ ಫೀ ಎಂದುಕೊಂಡೆವು.

ಆಮೇಲೆ ರಿಜಿಸ್ಟರು. ಹೆಸರು, ವಯಸ್ಸು, ಎಷ್ಟು ಜನ, ಎಲ್ಲಿಂದ, ಎಲ್ಲಿಗೆ, ಬಂದ ಕಾರಣ, ಬಂದ ವೇಳೆ, ಬಿಟ್ಟ ವೇಳೆ. 'ಎಲ್ಲಿಂದ' ಎಂಬಲ್ಲಿ ಬೀದರ್, ಸಿಂಧನೂರು, ಮಿಡ್ನಾಪುರ, ಹೊಸದುರ್ಗ. 'ಬಂದ ಕಾರಣ'ದ ಸಾಲಿನಲ್ಲಿ ಪುಟದ ತುದಿಗೆ ಒಮ್ಮೆ 'ಆಸ್ಪತ್ರೆ' ಎಂದಿತ್ತು. ಅದರ ಕೆಳಗೆಲ್ಲ 'ಮೇಲಿನಂತೆ' ಎನ್ನುವ ಎರಡು ಪುಟ್ಟ ಗೀಟು, ಕೆಳತುದಿಯವರೆಗೆ. 'ಎಲ್ಲಿಗೆ' ಎಂಬಲ್ಲಿ ನನ್ನ ಪೆನ್ನು ನಿಂತಿತು. ಅಪ್ಪಯ್ಯ ಕುರ್ಚಿಯಿಂದಲೇ ನೋಡುತ್ತಿದ್ದರು. "ಊರಿಗೆ ಹೇಳಿ ಬರಿ ತಮಾ," ಅಂದರು. ಬರೆದೆ.

ಸೋಮವಾರ ಅಡ್ಮಿಟ್ ಆಗಬೇಕಿತ್ತು. ರಕ್ತ ತೆಳುಮಾಡುವ ಮಾತ್ರೆಯನ್ನು ಹೇಳಿದಂತೆ ಮೊದಲೇ ನಿಲ್ಲಿಸಿ, ಲೆಕ್ಕ ಹಾಕಿಕೊಂಡೇ ಬಂದಿದ್ದೆವು. ಐಸಿಯು ಮಂಚ ಖಾಲಿಯಿಲ್ಲ, ಗುರುವಾರ ಬನ್ನಿ ಎಂದರು. ತಪ್ಪೇನಿಲ್ಲ, ನಡುರಾತ್ರಿ ಬಂದ ಯಾರದೋ ಎದೆ ನಮ್ಮದಕ್ಕಿಂತ ಅವಸರದಲ್ಲಿತ್ತು. ಜಯನಗರದವರಾಗಿದ್ದರೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದರು. ನಮಗೆ ಆ ಒಂದು ಮಾತಿನ ಬೆಲೆ ಎರಡು ಸಾವಿರದ ಏಳುನೂರು ರೂಪಾಯಿ. ಮ್ಯಾನೇಜರು ಮಾತ್ರ ಆಶ್ಚರ್ಯಪಡಲಿಲ್ಲ. ಅವರ ಇಪ್ಪತ್ತರಲ್ಲಿ ಇದೂ ಸೇರಿತ್ತು.

ಇಲ್ಲಿ ಸರ್ಕಾರವನ್ನು ಹೊಗಳಬೇಕು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಅದೂ ಒಂದೂವರೆ ಲಕ್ಷ ಮೀರದಂತೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಹಿಡಿದು ಹೋದೆವು, ಆರೋಗ್ಯ ಮಿತ್ರರು ದಾರಿ ತೋರಿಸಿದರು, ನಾಲ್ಕೂವರೆ ತಾಸಿಗೆ ನಾವು ಒಂದು ಪೈಸೆ ಕೊಡಲಿಲ್ಲ. ಕೊಟ್ಟದ್ದೆಲ್ಲ ರಸ್ತೆಯ ಈಚೆ ಬದಿಗೆ. ನಿಮ್ಮ ಮತ್ತು ಆಸ್ಪತ್ರೆಯ ನಡುವಿನ ಆ ರಸ್ತೆ ಅರವತ್ತು ಅಡಿ ಇರಬಹುದು. ಅದನ್ನು ದಾಟಿದರೆ ಮನುಷ್ಯನ ಜಾತಿಯೇ ಬದಲಾಗುತ್ತದೆ. ಆಚೆ ಬದಿ ಅಪ್ಪಯ್ಯ ರೋಗಿ, ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಈಚೆ ಬದಿ ಅದೇ ಹೊಲಿಗೆ, ಅದೇ ಬ್ಯಾಂಡೇಜು, ಆದರೆ ಅಪ್ಪಯ್ಯ ಪ್ರವಾಸಿ. 2022ರ ಜುಲೈ 18ರವರೆಗೆ ಸಾವಿರ ರೂಪಾಯಿ ಒಳಗಿನ ಕೋಣೆಗೆ ತೆರಿಗೆಯಿರಲಿಲ್ಲ. ಅಂದಿನಿಂದ ಶೇ. 12 ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕಿಳಿದಿದೆ. ನೀವು ಬಿಲ್ಲನ್ನೇ ಕೊಡದೆ ನಮ್ಮನ್ನು ಈ ಗೊಂದಲದಿಂದ ಪಾರುಮಾಡಿದಿರಿ. ಅದಕ್ಕೂ ವಂದನೆ.

ಅಡ್ಮಿಟ್ ಆದ ಮೇಲೆ ಖರ್ಚು ಇಳಿಯುತ್ತದೆಂದುಕೊಂಡಿದ್ದೆ. ರೋಗಿ ಕೋಣೆಯಲ್ಲಿಲ್ಲ, ಬಾಡಿಗೆ ಮಾತ್ರ ಅಷ್ಟೇ. ಆಸ್ಪತ್ರೆಯ ಅಟೆಂಡರ್ ಪಾಸು ಒಂದೇ. ನಾನೂ ಆಯಿಯೂ ಪಾಳಿ ಹಾಕಿಕೊಂಡೆವು: ಒಬ್ಬರು ಐಸಿಯು ಹೊರಗಿನ ಕಾರಿಡಾರಿನಲ್ಲಿ ಚಾಪೆಯ ಮೇಲೆ, ಒಬ್ಬರು ನಿಮ್ಮ ಜೋಡಿ ಮಂಚದಲ್ಲಿ. ಎರಡು ಮಂಚದ ಬಾಡಿಗೆ ಕೊಟ್ಟು ಒಬ್ಬರು ನೆಲದಲ್ಲಿ ಮಲಗುವ ಈ ವ್ಯವಸ್ಥೆಯನ್ನು ಯಾವ ಪ್ರವಾಸಿ ಕಂಪನಿಯೂ ಇನ್ನೂ ಕಂಡುಹಿಡಿದಿಲ್ಲ. ಅಷ್ಟರಲ್ಲಿ ಬದಲಿ ರಕ್ತಕ್ಕೆ ನಾಲ್ಕು ಜನರನ್ನು ಕರೆತನ್ನಿ ಎಂದರು. ಊರಲ್ಲಾದರೆ ಸೊಸೈಟಿ ಕಟ್ಟೆಯ ಮೇಲೆ ನಿಂತು ಕೂಗಿದರೆ ಹತ್ತು ಜನ ಬರುತ್ತಾರೆ. ಬೆಂಗಳೂರಿನಲ್ಲಿ ಯಾರನ್ನು ಕೂಗುವುದು? ಬಂದವರು ಯಾರು ಗೊತ್ತೇ? ನಿಮ್ಮ ರೂಮ್‌ಬಾಯ್, 107ರ ಸಿಂಧನೂರಿನ ಹುಡುಗ, ನೆಂಟರ ಮಗಳ ಇಬ್ಬರು ಸಹೋದ್ಯೋಗಿಗಳು. ಅಪ್ಪಯ್ಯನ ಪಾಲಿಗೆ ಸಂದಾಯವಾದ ರಕ್ತದ ಕಾಲುಭಾಗ ನಿಮ್ಮ ಸಂಸ್ಥೆಯದು. ಇದನ್ನು ನೀವು ಬೋರ್ಡಿನ ಮೇಲೆ ಹಾಕಿಕೊಳ್ಳಬಹುದು.

ಡಿಸ್ಚಾರ್ಜಿನ ದಿನ ಡಾಕ್ಟರು ಪ್ರೀತಿಯಿಂದಲೇ ಹೇಳಿದರು: "ಒಂದು ವಾರ ಬಿಟ್ಟು ತೋರಿಸಿ ಹೋಗಿ." ಅವರಿಗೆ ಅದು ಒಂದು ವಾರ. ನಮಗೆ ಎಂಟುನೂರು ಕಿಲೋಮೀಟರು. ಕೂಡಿರದ ಎದೆಮೂಳೆಯನ್ನು ಹಾವೇರಿ ರಸ್ತೆಯ ಹೊಂಡಗಳಲ್ಲಿ ಒಯ್ದು ಮತ್ತೆ ತರುವುದೋ, ಇನ್ನೂ ಏಳು ದಿನ 104ರಲ್ಲಿ ಗೀಸರ್ ಕಾಯುವುದೋ? ಉಳಿದೆವು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಎಂದು ಬೋರ್ಡಿದೆ. ಏಳೂವರೆಗೆ ಬರುವುದನ್ನು ಬಿಸಿನೀರೆಂದು ನಂಬಲು ಹೃದಯ ಗಟ್ಟಿಯಿರಬೇಕು. ಅಪ್ಪಯ್ಯನದು ಆಗಷ್ಟೇ ರಿಪೇರಿಯಾಗಿತ್ತು. ಕೆಮ್ಮು ಬಂದಾಗ ಎದೆಗೆ ಒತ್ತಿಕೊಳ್ಳಲು ಆಸ್ಪತ್ರೆಯವರು ದಿಂಬು ಇಟ್ಟುಕೊಳ್ಳಿ ಅಂದಿದ್ದರು. ನಿಮ್ಮ ದಿಂಬು ಎಷ್ಟು ತೆಳ್ಳಗಿತ್ತೆಂದರೆ ಎರಡನ್ನು ಮಡಚಿ ಆಯಿಯ ಸೀರೆಯಲ್ಲಿ ಸುತ್ತಿ ಒಂದು ಮಾಡಿದೆವು. ಎದುರಿನ ಸಾಲಿನಲ್ಲಿ ಹತ್ತು ರೂಪಾಯಿಗೆ ಇಂದಿರಾ ಕ್ಯಾಂಟೀನಿನ ಊಟ ಸಿಕ್ಕಿತು. ನಿಮ್ಮ ರೂಮ್ ಸರ್ವಿಸಿನ ಗಂಜಿಗೆ ಎಂಬತ್ತು. ಗಂಜಿಗೆ ಉಪ್ಪು ಹಾಕಬೇಡಿ ಎಂದದ್ದಕ್ಕೆ ಹತ್ತು ರೂಪಾಯಿಯೇನೂ ಕಡಿಮೆಯಾಗಲಿಲ್ಲ.

ವೆಲ್ಲೂರಿಗೆ ಹೋಗಿಬಂದವರು ಹೇಳುತ್ತಾರೆ: ಅಲ್ಲಿಯ ಲಾಡ್ಜುಗಳಲ್ಲಿ ಒಲೆ, ಪಾತ್ರೆ ಬಾಡಿಗೆಗೆ ಸಿಗುತ್ತದಂತೆ, ಜನ ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತಾರೆ. ಕಿದ್ವಾಯಿಯಂಥ ಕಡೆ ಧರ್ಮಶಾಲೆಯೂ ಇದೆ. ಆಸ್ಪತ್ರೆಯ ಸಮಾಜಕಾರ್ಯಕರ್ತರನ್ನು ಮೊದಲ ದಿನವೇ ಕೇಳಿದ್ದರೆ ಇಂಥ ದಾರಿಗಳು ತಿಳಿಯುತ್ತಿದ್ದವು. ಹೊಲಿಗೆ ಬಿಚ್ಚುವುದನ್ನು ಶಿರಸಿಯ ಡಾಕ್ಟರೇ ಮಾಡಬಹುದೇ, ಮರುಭೇಟಿಯನ್ನು ಫೋನಿನಲ್ಲಿ ಮುಗಿಸಬಹುದೇ ಎಂದು ಕೇಳಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತೋ ಏನೋ. ಕೇಳುವ ಧೈರ್ಯ ಬಂದದ್ದು ಹದಿನೆಂಟನೆಯ ದಿನ. ಅಷ್ಟರಲ್ಲಿ ನಿಮಗೆ ಹದಿನೇಳು ದಿನದ ಬಾಡಿಗೆ ಸಂದಿತ್ತು.

ಆದ್ದರಿಂದ ನನ್ನದೊಂದು ವಿನಂತಿ. ಆಸ್ಪತ್ರೆಯವರು ಕೊಡುವ ಎಸ್ಟಿಮೇಟಿನಲ್ಲಿ ವಾಲ್ವಿನ ಬೆಲೆಯಿಂದ ಹತ್ತಿಯ ಉಂಡೆಯವರೆಗೆ ಎಲ್ಲ ಇರುತ್ತದೆ. ಕೆಳಗೆ ಒಂದು ಸಾಲು ಖಾಲಿ ಬಿಡಲು ಹೇಳಿ, ಅದನ್ನು ತುಂಬಲು ನಿಮ್ಮ ಮ್ಯಾನೇಜರನ್ನು ಕಳಿಸಿ. 'ರೋಗಿ ಎಷ್ಟು ದೂರದವರು, ಜೊತೆಗಿರುವವರು ಎಲ್ಲಿ ಮಲಗುತ್ತಾರೆ, ಒಟ್ಟು ಎಷ್ಟು ದಿನ.' ಡಾಕ್ಟರುಗಳಿಗೆ ಗೊತ್ತಿಲ್ಲವೆಂದಲ್ಲ, ಕೇಳುವುದು ಅವರ ಕೆಲಸವಲ್ಲ. ಈ ಇಪ್ಪತ್ತೊಂದು ದಿನದಲ್ಲಿ ಎಷ್ಟೋ ಫಾರ್ಮುಗಳಿಗೆ ಸಹಿ ಹಾಕಿದೆ. ವಿಳಾಸ ಕೇಳಿದರು, ಆಧಾರ್ ಕೇಳಿದರು, ರೇಷನ್ ಕಾರ್ಡು ಕೇಳಿದರು. ಇಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದು ನಿಮ್ಮ ರಿಜಿಸ್ಟರು ಮಾತ್ರ. ಪೊಲೀಸರಿಗಾಗಿ ಇಟ್ಟ ಕಾಲಮ್ಮಿರಬಹುದು, ಆದರೂ ಕೇಳಿತು.

ಹೊರಟದ್ದು ಶನಿವಾರ ನಸುಕಿನ 5.40ಕ್ಕೆ. ಆರು ಹೊಡೆದರೆ ಇಪ್ಪತ್ತೆರಡನೆಯ ದಿನ ಶುರುವಾಗುತ್ತಿತ್ತು. ಬಾಡಿಗೆ ಕಾರು ನಿಂತಿತ್ತು, ಸೀಟ್ ಬೆಲ್ಟಿಗೂ ಎದೆಗೂ ನಡುವೆ ಇಡಲು ಸೀರೆ ಸುತ್ತಿದ ದಿಂಬು ಆಯಿಯ ಕಂಕುಳಲ್ಲಿತ್ತು. (ದಿಂಬು ಎರಡೂ ನಿಮ್ಮವು. ಮ್ಯಾನೇಜರು ನೋಡಿದರು, ನೋಡಲಿಲ್ಲ.) ಹದಿನೆಂಟು ಸಾವಿರದ ಒಂಬೈನೂರಕ್ಕೆ ಬಾಕಿ ಚುಕ್ತಾ ಮಾಡಿ, ಬಿಟ್ಟ ವೇಳೆ ಬರೆಯಲು ರಿಜಿಸ್ಟರಿನ ಹಳೆಯ ಪುಟ ತಿರುವಿದರು. ನಮ್ಮ ಮೇಲಿನ ಸಾಲು ಬೀದರಿನವರದು. ಎಷ್ಟು ಜನ: ಮೂವರು. ಎಲ್ಲಿಗೆ: ಬೀದರ್. ಬಿಟ್ಟ ವೇಳೆ: ರಾತ್ರಿ 2.40. ಆ ಹೊತ್ತಿಗೆ ಬೀದರಿಗೆ ಬಸ್ಸಿಲ್ಲ. ನಾನು ನೋಡುತ್ತಿರುವುದನ್ನು ನೋಡಿ ಮ್ಯಾನೇಜರು ಮೆಲ್ಲಗೆ ಹೇಳಿದರು: "ಅವರ ಹತ್ರ ಕೊನೇ ಎರಡು ದಿನದ್ದು ತಗೊಂಡಿಲ್ಲ ಸರ್. ಮಾಲೀಕರಿಗೆ ಹೇಳಬೇಡಿ."

ಹೇಳುತ್ತಿದ್ದೇನೆ. ಈ ಪತ್ರ ಬರೆದದ್ದೇ ಅದಕ್ಕೆ. ಅವರ ಸಂಬಳದಲ್ಲಿ ಮುರಿದುಕೊಳ್ಳಬೇಡಿ. ನಮ್ಮಿಂದ ಕಮೋಡಿಗೆಂದು ಪಡೆದ ಎರಡು ಸಾವಿರದ ನೂರು ರೂಪಾಯಿಯಲ್ಲಿ ಹೊಂದಿಸಿಕೊಳ್ಳಿ.

ಅಪ್ಪಯ್ಯ ಈಗ ಅಂಗಳದಲ್ಲಿ ನಾಲ್ಕು ಸುತ್ತು ನಡೆಯುತ್ತಾರೆ, ಅಡಿಕೆ ಸುಲಿಯುವವರಿಗೆ ಕೂತಲ್ಲಿಂದಲೇ ಬೈಯುತ್ತಾರೆ. ಆರು ತಿಂಗಳಿಗೆ ಎಕೋ ಮಾಡಿಸಿ ತೋರಿಸಬೇಕಂತೆ. 104 ನಮಗೇ ಇರಲಿ. ಗೀಸರಿನ ವಿಷಯ ಮರೆಯಬೇಡಿ. ದಿಂಬು ವಾಪಸು ತರುತ್ತೇವೆ. ಬಂದ ಕಾರಣದ ಕಾಲಮ್ಮಿನಲ್ಲಿ ಎರಡು ಗೀಟು ಹಾಕಿ. 'ಎಲ್ಲಿಗೆ' ಎಂಬುದನ್ನು ಮಾತ್ರ ನಾವೇ ಬರೆಯುತ್ತೇವೆ.

ಇಂತಿ ನಿಮ್ಮ,
ಕೋಣೆ ನಂಬರ್ 104ರ ರೋಗಿಯ ಜೊತೆಗೆ ಬಂದವನು