ಅಜ್ಜನ ಕಂಪ್ಯೂಟರಿಗೆ ಚಕ್ಕುಲಿ

ಪೀಣ್ಯದ ಲೇತ್ ಶೆಡ್ಡಿನ ಮೇಸ್ತ್ರಿಯಿಂದ ಬೆಳಿಗ್ಗೆಯೇ ಫೋನು. "ಸಾರ್, ನಿಮ್ಮ ಡ್ರಾಯಿಂಗ್ ಓಪನ್ನೇ ಆಗ್ತಿಲ್ಲ. ಫೈಲೇ ಸರಿ ಇಲ್ಲ ಅಂತಿದೆ."

ಫೈಲು ಗಟ್ಟಿಮುಟ್ಟಾಗೇ ಇತ್ತು. ಅಲ್ಲಿದ್ದದ್ದು 2007ರ ಆಟೋಕ್ಯಾಡ್, ನಾನು ಕಳಿಸಿದ್ದು 2018ರ ಫಾರ್ಮ್ಯಾಟ್. ಹಲ್ಲಿಲ್ಲದ ಅಜ್ಜನ ಕೈಗೆ ಚಕ್ಕುಲಿ ಕೊಟ್ಟ ಹಾಗಾಯಿತು!

ಆಟೋಕ್ಯಾಡಿನ ಡಿಡಬ್ಲ್ಯೂಜಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಆರು ಅಕ್ಷರಗಳಲ್ಲೇ ಅದರ ಜಾತಕವಿರುತ್ತದೆ. ಎಸಿ1021 ಎಂದರೆ 2007, ಎಸಿ1032 ಎಂದರೆ 2018. ಹೊಸದು ಹಳೆಯದನ್ನು ಓದುತ್ತದೆ. ಹಳೆಯದಕ್ಕೆ ಹೊಸದು ಮಾತ್ರ ಕೂಡಿಬರುವುದಿಲ್ಲ. ದೋಷಪರಿಹಾರ ಸುಲಭ: 'ಸೇವ್ ಆ್ಯಸ್'ನಲ್ಲಿ ಹಳೇ ವರ್ಷ ಆರಿಸಿದರಾಯಿತು. ಆಟೋಕ್ಯಾಡ್ ಇಲ್ಲದವರಿಗೆ 'ಟ್ರೂವ್ಯೂ' ಎಂಬ ಪುಕ್ಕಟೆ ಪುರೋಹಿತನಿದ್ದಾನೆ. ರಾಶಿ ಫೈಲುಗಳಿಗೆ ಸಾಮೂಹಿಕ ವಿವಾಹವನ್ನೂ ಮಾಡಿಸುತ್ತಾನೆ.

ಬದಲಾಯಿಸಿ ಕಳಿಸಿದೆ. ಹತ್ತೇ ನಿಮಿಷಕ್ಕೆ ಮತ್ತೆ ಫೋನು. "ಓಪನ್ ಆಯ್ತು ಸಾರ್! ಆದ್ರೆ ಅಕ್ಷರ ಇರೋ ಕಡೆಯೆಲ್ಲ ಬರೀ ಪ್ರಶ್ನೆ ಗುರುತು."

ಫಾಂಟು ಜೊತೆಗೆ ಕಳಿಸಿರಲಿಲ್ಲ. ಮದುಮಗಳನ್ನು ಬಸ್ಸು ಹತ್ತಿಸಿ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟಿದ್ದೆ!

"ಸಾರ್, ಸುಮ್ನೆ ಒಂದು ಪ್ರಿಂಟ್ ತೆಗೆದು ಕೊಟ್ಬಿಡಿ" ಎಂದರು ಮೇಸ್ತ್ರಿ. "ಕಾಗದಕ್ಕೆ ವರ್ಷನ್ ಇಲ್ಲ."