641006ರ ಶನಿಕಾಟ ಬಿಡಿಸುವವರಿಗೊಂದು ಬಹಿರಂಗ ಪತ್ರ

ಸಂಖ್ಯಾಶಾಸ್ತ್ರ ವಿಶಾರದರ ಸನ್ನಿಧಿಗೆ,

ಕೊಯಮತ್ತೂರಿನ ಗಣಪತಿ ಬಡಾವಣೆಯಿಂದ ಸಾಷ್ಟಾಂಗ ನಮಸ್ಕಾರ. ಕಾರಿನ ನಂಬರು, ಮೊಬೈಲ್ ನಂಬರು, ಹೆಸರಿನ ಸ್ಪೆಲ್ಲಿಂಗು ಎಲ್ಲಕ್ಕೂ ರಿಪೇರಿ ಮಾಡುವ ತಾವು ನಮ್ಮ ಪಿನ್‌ಕೋಡನ್ನು ಹೇಗೆ ಕೈಬಿಟ್ಟಿರೋ! 641006. ಕೂಡಿದರೆ 17, ಇನ್ನೊಮ್ಮೆ ಕೂಡಿದರೆ 8. ಸಾಕ್ಷಾತ್ ಶನಿ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬರಲು ಕಾರಣರಾದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿ. ಆದರೂ ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಗೆ, ಉಳಿದ ಮೂರು ಅಂಚೆ ಕಚೇರಿಗೆ ಎಂದು ಹಂಚುವಾಗ ತಮ್ಮಂಥವರನ್ನು ಒಂದು ಮಾತು ಕೇಳಲಿಲ್ಲ. ಫೌಂಡ್ರಿ, ಪಂಪ್‌ಸೆಟ್ಟುಗಳ ಈ ಊರಿಗೆ ಕಬ್ಬಿಣದ ಒಡೆಯ ಶನಿಯೇ ಸರಿ ಎಂದುಕೊಂಡು ನಾವೂ ಸುಮ್ಮನಿದ್ದೆವು.

ಆದರೆ ಒಂದು ಸಣ್ಣ ತಕರಾರು. ತಮ್ಮ 8 ಎಂದರೆ 641006ನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷ, ಅಷ್ಟೇ. ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಅದು 9ರ ಶೇಷವಾಯಿತು. ಮನುಷ್ಯನಿಗೆ ಎಂಟೇ ಬೆರಳಿದ್ದು, ಎಂಟರ ಪದ್ಧತಿ ರೂಢಿಗೆ ಬಂದಿದ್ದರೆ ಇದೇ ಸಂಖ್ಯೆಯನ್ನು 2343756 ಎಂದು ಬರೆಯುತ್ತಿದ್ದೆವು. ಆಗ ಉಳಿಯುವುದು 7ರ ಶೇಷ, ಅಂದರೆ 2. ಶನಿ ಇಳಿದು ಚಂದ್ರ ಬಂದ! ಎರಡು ಬೆರಳು ಕಡಿಮೆಯಾದರೆ ಬಿಟ್ಟುಹೋಗುವ ಗ್ರಹಕ್ಕೆ ಎಳ್ಳುಬತ್ತಿ ಯಾಕೆ ಸ್ವಾಮಿ?

ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗದ ಗುಣವೊಂದಿದೆ. 641006 ಎಂದರೆ 2 × 79 × 4057. ಮೂರೂ ಅವಿಭಾಜ್ಯಗಳು, ಯಾವ ಹೋಮಕ್ಕೂ ಜಗ್ಗುವವಲ್ಲ.

ಇನ್ನು ನಮ್ಮ ಕೋಡಿನ ತಲೆಯಲ್ಲಿರುವ 641. ಕೊಯಮತ್ತೂರಿನಿಂದ ತಿರುಪ್ಪೂರಿನವರೆಗೆ ವಿಳಾಸ ವಿಳಾಸದಲ್ಲೂ ಸಿಗುವ ಈ ಸಾಮಾನ್ಯನ ಪೂರ್ವಾಶ್ರಮ ತಮಗೆ ಗೊತ್ತಿರಲಿಕ್ಕಿಲ್ಲ. 2ರ 32ನೆಯ ಘಾತಕ್ಕೆ 1 ಸೇರಿಸಿದರೆ 4,29,49,67,297. ಇದೂ ಅವಿಭಾಜ್ಯವೇ ಎಂದು ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 × 67,00,417 ಎಂದು ಒಡೆದಿಟ್ಟ. ಆ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ 64ರ ಮಗ್ಗಿಗಿಂತ ಒಂದು ಹೆಚ್ಚಿರಲೇಬೇಕೆಂದು ಆಮೇಲೆ ಅವನೇ ಸಾಧಿಸಿದ. ಆ ಜಾತಿಯ 193, 257, 449, 577 ಒಂದೊಂದಾಗಿ ಸೋತ ಮೇಲೆ ಗೆಲ್ಲುವುದೇ ನಮ್ಮ 641. ಆ ಹತ್ತಂಕಿಯ ಸಂಖ್ಯೆ ತಮ್ಮ ಕೈಗೆ ಸಿಕ್ಕಿದ್ದರೆ ಕೂಡಿ ಕೂಡಿ 5 ಮಾಡಿ, ಬುಧನಿಗೊಪ್ಪಿಸಿ, ಪಚ್ಚೆಯುಂಗುರ ಮಾರಿಬಿಡುತ್ತಿದ್ದಿರಿ.

ಇಲ್ಲಿಂದ ಸತ್ತಿ ರೋಡ್ ಹಿಡಿದು ಚಾಮರಾಜನಗರಕ್ಕೆ ಹೊರಟರೆ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ಕೂಡಿದರೆ 9, ಮಂಗಳ. ಲಾರಿಯವರು ಮಾತ್ರ ಇವತ್ತಿಗೂ ಹಾರ್ನ್ ಹೊಡೆದೇ ತಿರುಗಿಸುತ್ತಾರೆ.

ಇಷ್ಟಾದರೂ ತಾವು ಶಾಂತಿ ಮಾಡಿಸಲೇಬೇಕೆಂದರೆ ಅಡ್ಡಿಯಿಲ್ಲ. ದಕ್ಷಿಣೆ 500 ಎಂದು ಬರೆದುಕೊಡಿ. ನಾವು ಎಂಟರ ಪದ್ಧತಿಯಲ್ಲಿ ಓದಿಕೊಂಡು 320 ರೂಪಾಯಿ ಎಣಿಸುತ್ತೇವೆ. ತಮಗೆ ಬೇಕಾದದ್ದು ಅಂಕಿಯಲ್ಲವೇ? ಅದು ಅದೇ ಇದೆ.

ಇಂತಿ,
ಸತ್ತಿ ರೋಡಿನ ಒಬ್ಬ ಕನ್ನಡಿಗ